ಕಾವ್ಯಪಾತ್ರ ಮತ್ತು ಶೀಲಸಾಧನೆ: ಹರಿಶ್ಚಂದ್ರನನ್ನು ಕುರಿತು ಒಂದು ವಿಚಾರ

ಕಾವ್ಯದ ಪಾತ್ರಗಳನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಂಡು ಮನುಷ್ಯನು ತನ್ನ ಶೀಲವನ್ನು ತಿದ್ದಿಕೊಳ್ಳಬಹುದೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಸತ್ಯಕ್ಕೆ ಹರಿಶ್ಚಂದ್ರ, ದಾನಕ್ಕೆ ಕರ್ಣ, ಪಿತೃಭಕ್ತಿಗೆ ಶ್ರವಣ, ಭ್ರಾತೃಸ್ನೇಹಕ್ಕೆ ಭರತ ಎಂದು ಒಂದೊಂದು ಗುಣಕ್ಕೆ ಒಂದೊಂದು ಹೆಸರು ನಮ್ಮ ನಾಲಗೆಯ ಮೇಲೆ ನಿಂತುಬಿಟ್ಟಿದೆ. ನಮ್ಮ ಪಾಠಪುಸ್ತಕಗಳನ್ನು ಕಟ್ಟಿರುವುದೂ ಈ ನಂಬಿಕೆಯ ಮೇಲೆಯೇ. ‘ಈ ಕಥೆಯಿಂದ ನಾವು ಕಲಿಯತಕ್ಕ ನೀತಿ ಯಾವುದು?’ ಎಂಬ ಪ್ರಶ್ನೆಯನ್ನು ಎದುರಿಸದೆ ಶಾಲೆಯನ್ನು ದಾಟಿಬಂದ ಕನ್ನಡಿಗರು ವಿರಳ. ವಿಮರ್ಶಕರಾದರೋ ಈ ಪ್ರಶ್ನೆಯನ್ನು ಕಂಡರೆ ಮುಖ ತಿರುಗಿಸುತ್ತಾರೆ. ಕಾವ್ಯವಿರುವುದು ಆನಂದಕ್ಕಾಗಿ, ನೀತಿ ಬೇಕಾದವರು ನೀತಿಶಾಸ್ತ್ರವನ್ನು ಓದಿಕೊಳ್ಳಲಿ ಎಂಬುದು ಅವರ ಮತ. ಹೀಗೆ ಶಾಲೆಯಲ್ಲಿ ಅತಿಯಾಗಿ ಹೇಳಿ, ವಿಶ್ವವಿದ್ಯಾನಿಲಯದಲ್ಲಿ ಹೇಳದೆಯೇ ಬಿಟ್ಟು, ವಿಚಾರಕ್ಕೆ ಯೋಗ್ಯವಾದ ಒಂದು ವಿಷಯವನ್ನು ನಾವು ಪರೀಕ್ಷಿಸದೆ ಉಳಿಸಿದ್ದೇವೆ. ಕಲ್ಪಿತವಾದ ಪಾತ್ರವೊಂದು ಬದುಕಿರುವ ಮನುಷ್ಯನ ಗುಣವನ್ನು ಬೆಳೆಸುವುದು ಹೌದಾದರೆ ಅದು ನಡೆಯುವುದು ಹೇಗೆ? ಪಾತ್ರದಿಂದ ಓದುಗನಿಗೆ ದಾಟಿಬರುವುದು ಯಾವುದು? ಈ ಪ್ರಶ್ನೆಗಳನ್ನು ಮುಖ್ಯವಾಗಿ ಹರಿಶ್ಚಂದ್ರನ ಕಥೆಯ ಆಧಾರದಿಂದ ಇಲ್ಲಿ ಪರಿಶೀಲಿಸಿದೆ.

ಕಾವ್ಯವು ಕಾಂತೆಯಂತೆ ಉಪದೇಶಮಾಡುತ್ತದೆಂಬ ಮಮ್ಮಟನ ಮತ ಪ್ರಸಿದ್ಧವಾದದ್ದು. ರಾಮಾದಿಗಳ ದಾರಿ ಹಿಡಿಯತಕ್ಕದ್ದು, ರಾವಣಾದಿಗಳ ದಾರಿ ಬಿಡತಕ್ಕದ್ದು ಎಂಬ ಅರಿವನ್ನು ಅದು ಅಪ್ಪಣೆಯಿಂದಲ್ಲ, ಒಲವಿನಿಂದ ಮೂಡಿಸುತ್ತದೆಂದು ಅವನ ಅಭಿಪ್ರಾಯ. ಆದರೆ ನಮ್ಮ ರಸಸಿದ್ಧಾಂತವೇ ಈ ಸುಲಭವಾದ ಮಾತಿಗೆ ಒಂದು ತೊಡಕನ್ನು ಒಡ್ಡುತ್ತದೆ. ಸಾಧಾರಣೀಕರಣದ ಸ್ಥಿತಿಯಲ್ಲಿ ಸಹೃದಯನಿಗೆ ‘ಇದು ನನ್ನದು’, ‘ಇದು ಪರರದು’ ಎಂಬ ಭೇದವಿರುವುದಿಲ್ಲ. ರಂಗದ ಮೇಲಿನ ದುಃಖವನ್ನು ಅವನು ಸವಿಯುತ್ತಾನೆಯೇ ಹೊರತು ಎದ್ದುಹೋಗಿ ಅದನ್ನು ಪರಿಹರಿಸಲು ಯತ್ನಿಸುವುದಿಲ್ಲ. ಕ್ರಿಯೆಯ ಒತ್ತಡ ಕಳಚಿಹೋದಾಗಲೇ ರಸದ ಆಸ್ವಾದ. ಹಾಗಾದರೆ ಕ್ರಿಯೆಯಿಂದ ದೂರವಾದ ಈ ಅನುಭವ ನಾಳೆಯ ಕ್ರಿಯೆಯನ್ನು ತಿದ್ದುವುದು ಹೇಗೆ? ಪ್ರೀತಿಯೂ ವ್ಯುತ್ಪತ್ತಿಯೂ ಬೇರೆಬೇರೆಯಲ್ಲವೆಂದು ಅಭಿನವಗುಪ್ತನು ಲೋಚನದಲ್ಲಿ ಹೇಳಿ ಈ ತೊಡಕನ್ನು ಬಿಡಿಸುತ್ತಾನೆ. ಆಸ್ವಾದವೇ ಅರಿವು, ಆಸ್ವಾದ ಮುಗಿದ ಮೇಲೆ ಬಂದು ಅಂಟಿಕೊಳ್ಳುವ ಬಾಲ ಅದಲ್ಲ. ಪಾಠದ ಕೊನೆಯಲ್ಲಿ ನೀತಿಯನ್ನು ಬೇರೆಯಾಗಿ ಬರೆಸುವ ನಮ್ಮ ಪದ್ಧತಿಗೆ ಅಭಿನವಗುಪ್ತನ ಸಮ್ಮತಿ ದೊರೆಯುತ್ತಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು.

ಸಿದ್ಧಾಂತವನ್ನು ಇಷ್ಟಕ್ಕೆ ಬಿಟ್ಟು ಒಂದು ನಿದರ್ಶನವನ್ನು ನೋಡೋಣ. ಕಲ್ಪಿತಪಾತ್ರವೊಂದು ಒಬ್ಬ ವ್ಯಕ್ತಿಯ ಶೀಲದ ಮೇಲೆ ಮಾಡಿದ ಪರಿಣಾಮಕ್ಕೆ ಗಾಂಧಿಯವರ ಆತ್ಮಕಥೆಗಿಂತ ಪ್ರಾಮಾಣಿಕವಾದ ದಾಖಲೆ ನಮ್ಮಲ್ಲಿ ಇರಲಾರದು. ‘ನವಜೀವನ’ದಲ್ಲಿ 1925ರಿಂದ 1929ರವರೆಗೆ ಬಿಡಿಬಿಡಿಯಾಗಿ ಪ್ರಕಟವಾದ ಆ ಗ್ರಂಥದ ಮೊದಲನೆಯ ಭಾಗದಲ್ಲಿ, ಬಾಲ್ಯದಲ್ಲಿ ತಮ್ಮನ್ನು ಹಿಡಿದ ಎರಡು ಕಥೆಗಳನ್ನು ಅವರು ಹೆಸರಿಸುತ್ತಾರೆ. ತಂದೆ ಕೊಂಡುತಂದ ಶ್ರವಣನ ಪಿತೃಭಕ್ತಿಯ ನಾಟಕ ಒಂದು. ನಾಟಕದ ಮಂಡಳಿಯೊಂದು ಆಡಿದ ಹರಿಶ್ಚಂದ್ರ ಇನ್ನೊಂದು. ಕುರುಡರಾದ ತಾಯಿತಂದೆಗಳನ್ನು ಹೊತ್ತು ನಡೆಯುವ ಶ್ರವಣನ ಚಿತ್ರವನ್ನು ಅವರು ಊರೂರು ತಿರುಗುವ ಆಟದವರಲ್ಲಿ ನೋಡಿದರು. ಹರಿಶ್ಚಂದ್ರನ ಪಾತ್ರವನ್ನು ತಮ್ಮಷ್ಟಕ್ಕೆ ತಾವೇ ಎಷ್ಟೋ ಸಲ ಅಭಿನಯಿಸಿಕೊಂಡರು. ಎಲ್ಲರೂ ಅವನಂತೆ ಏಕೆ ಸತ್ಯವಂತರಾಗಬಾರದು ಎಂಬ ಪ್ರಶ್ನೆ ಹಗಲಿರುಳು ಕಾಡಿತಂತೆ. ಹರಿಶ್ಚಂದ್ರನು ಇತಿಹಾಸದ ವ್ಯಕ್ತಿಯಾಗಿರಲಾರನೆಂದು ಬುದ್ಧಿ ಹೇಳಿದರೂ ತಮ್ಮ ಪಾಲಿಗೆ ಅವನೂ ಶ್ರವಣನೂ ಜೀವಂತರೇ ಎಂದು ಪ್ರಾಯಸಂದ ಮೇಲೆಯೂ ಅವರು ಬರೆಯುತ್ತಾರೆ. ಪಾತ್ರ ಕಲ್ಪಿತವೆಂಬ ಅರಿವು ಅದರ ಹಿಡಿತವನ್ನು ಸಡಿಲಿಸಲಿಲ್ಲವೆಂಬುದು ಇಲ್ಲಿ ಮುಖ್ಯ.

ಈ ಪ್ರಸಂಗವನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ: ನಾಟಕ ನೋಡಿದರು, ಸತ್ಯವಂತರಾದರು. ಗ್ರಂಥವನ್ನು ಓದಿದರೆ ಸಂಗತಿ ಅಷ್ಟು ಸರಳವಾಗಿಲ್ಲ. ಅದೇ ಅಧ್ಯಾಯದಲ್ಲಿ, ನಾಟಕದ ಮಾತು ಬರುವುದಕ್ಕೆ ಮೊದಲೇ, ಶಾಲೆಯ ತನಿಖೆಯ ದಿನ ಪಕ್ಕದ ಹುಡುಗನ ಹಲಗೆಯನ್ನು ನೋಡಿ ಕಾಗುಣಿತ ತಿದ್ದಿಕೊಳ್ಳುವಂತೆ ಉಪಾಧ್ಯಾಯರು ಸನ್ನೆಮಾಡಿದರೂ ಬಾಲಕನಿಗೆ ಅದು ಹೊಳೆಯದೆಹೋದ ಕಥೆಯಿದೆ. ಎಂದರೆ ಮನಸ್ಸಿನ ಒಲವು ಮೊದಲೇ ಅಲ್ಲಿತ್ತು. ನಾಟಕ ಅದನ್ನು ಹೊಸದಾಗಿ ಬಿತ್ತಲಿಲ್ಲ. ಹೆಸರಿಲ್ಲದಿದ್ದ ಒಲವಿಗೆ ಒಂದು ಹೆಸರನ್ನೂ ಮುಖವನ್ನೂ ಕೊಟ್ಟಿತು.

ಇನ್ನೂ ಗಮನಿಸತಕ್ಕದ್ದು ಮುಂದಿನ ಅಧ್ಯಾಯಗಳು. ಹರಿಶ್ಚಂದ್ರನಿಗಾಗಿ ಕಣ್ಣೀರಿಟ್ಟ ಹುಡುಗನೇ ಕದ್ದು ಮಾಂಸ ತಿಂದನು. ತಾಯಿಯ ಮುಂದೆ ಹಸಿವಿಲ್ಲವೆಂದು ಸುಳ್ಳು ಹೇಳಿದನು. ಅಣ್ಣನ ಕಡಗದಿಂದ ಚಿನ್ನದ ಚೂರನ್ನು ಕದ್ದನು. ಮೇಲ್ಪಂಕ್ತಿ ಈ ಯಾವುದನ್ನೂ ತಡೆಯಲಿಲ್ಲ. ಆದರೆ ಮಾಂಸವನ್ನು ಬಿಟ್ಟ ಕಾರಣವನ್ನು ನೋಡಿ. ಅದು ತಿನ್ನಬಾರದ ವಸ್ತುವೆಂದು ಆಗ ಅನ್ನಿಸಿರಲಿಲ್ಲ. ತಂದೆತಾಯಿಗಳಿಗೆ ಸುಳ್ಳು ಹೇಳಿ ತಿನ್ನುವುದನ್ನು ಸಹಿಸಲಾಗಲಿಲ್ಲ. ಕಳವು ಮಾಡಿದಾಗ ತಪ್ಪನ್ನು ಚೀಟಿಯಲ್ಲಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟರು. 1885ರಲ್ಲಿ ತಂದೆ ತೀರಿಕೊಂಡ ಗಳಿಗೆಯಲ್ಲಿ ತಾವು ಹತ್ತಿರವಿರಲಿಲ್ಲ, ಹೆಂಡತಿಯ ಬಳಿಗೆ ಹೋಗಿದ್ದೆವು ಎಂಬ ಕೊರಗು ಕೊನೆಯವರೆಗೂ ಅವರನ್ನು ಬಿಟ್ಟಿಲ್ಲ. ಶ್ರವಣನ ಚಿತ್ರವನ್ನು ಎದೆಯಲ್ಲಿಟ್ಟುಕೊಳ್ಳದ ಹುಡುಗನಿಗೆ ಆ ರಾತ್ರಿ ಅಷ್ಟು ದೊಡ್ಡ ಗಾಯವಾಗುತ್ತಿತ್ತೆ? ನನಗೆ ಸಂದೇಹ. ಎಡವದಂತೆ ಕಾಯುವ ಕಾವಲುಗಾರನ ಕೆಲಸವನ್ನು ಕಾವ್ಯದ ಪಾತ್ರ ಮಾಡುವುದಿಲ್ಲ. ಎಡವಿದವನು ಎಡವಿದೆನೆಂಬುದನ್ನು ಮರೆಯದಂತೆ ಮಾಡುವ ಶಕ್ತಿ ಅದಕ್ಕಿದೆ.

ಕನ್ನಡ ಕಾವ್ಯಕ್ಕೆ ಬಂದರೆ, ಗುಣಕ್ಕೊಂದು ಪಾತ್ರವೆಂಬ ಭಾವನೆಯನ್ನು ನಮ್ಮ ಆದಿಕವಿಯೇ ಎತ್ತಿಹಿಡಿದಿರುವುದು ಕಾಣುತ್ತದೆ. ಕ್ರಿ.ಶ. 941ರಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದ ಮುಕ್ತಾಯದಲ್ಲಿ ಪಂಪನು ಎಂಟು ಪಾತ್ರಗಳಿಗೆ ಎಂಟು ಗುಣಗಳನ್ನು ಹಂಚಿ, ಇವರಿಂದಲೇ ಭಾರತ ಲೋಕಪೂಜ್ಯವಾಯಿತೆನ್ನುತ್ತಾನೆ. ಛಲ ದುರ್ಯೋಧನನಿಗೆ, ನನ್ನಿ ಕರ್ಣನಿಗೆ, ಗಂಡುತನ ಭೀಮನಿಗೆ, ಬಲ ಶಲ್ಯನಿಗೆ, ಔನ್ನತ್ಯ ಭೀಷ್ಮನಿಗೆ, ಬಿಲ್ವಿದ್ಯೆ ದ್ರೋಣನಿಗೆ, ಸಾಹಸ ಅರ್ಜುನನಿಗೆ, ಧರ್ಮ ಧರ್ಮರಾಯನಿಗೆ. ಪದ್ಯ ಎಲ್ಲರಿಗೂ ಕಂಠಪಾಠವಾಗಿರುವುದರಿಂದಲೋ ಏನೋ ಅದರ ಲೆಕ್ಕವನ್ನು ನಾವು ನೋಡುವುದಿಲ್ಲ. ಎಂಟು ಜನರಲ್ಲಿ ಐವರು ಕೌರವನ ಪಕ್ಷದಲ್ಲಿ ಹೋರಾಡಿದವರು. ಮೊದಲ ಹೆಸರೇ ದುರ್ಯೋಧನನದು. ಸತ್ಯವಾದರೂ ಧರ್ಮರಾಯನ ಪಾಲಿಗೆ ಬಾರದೆ ಕರ್ಣನಿಗೆ ಸಂದಿದೆ. ಗೆದ್ದವರೆಲ್ಲ ಗುಣಿಗಳು, ಸೋತವರೆಲ್ಲ ದುರ್ಗುಣಿಗಳು ಎಂಬ ಹಂಚಿಕೆ ಇದಲ್ಲ. ಇಡೀ ಮನುಷ್ಯನನ್ನು ಅನುಸರಿಸಿರೆಂದು ಪಂಪನು ಹೇಳುತ್ತಿಲ್ಲ. ಅವನಲ್ಲಿ ಉಜ್ಜ್ವಲವಾಗಿರುವ ಒಂದನ್ನು ಗುರುತಿಸಿ ಬೆರಳಿಟ್ಟು ತೋರಿಸುತ್ತಿದ್ದಾನೆ.

ಇದೇ ಕಾವ್ಯದಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಹೇಳಿದ್ದಾನಷ್ಟೆ. ಪಾತ್ರವನ್ನು ಬದುಕಿರುವ ರಾಜನ ಅಳತೆಗೆ ಹೊಲಿಯಬೇಕಾದುದರಿಂದ ಕಥೆಯೂ ಬದಲಾಯಿತು: ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಯಲ್ಲಿ ಪಟ್ಟವೂ ಅವನಿಗೇ ಆಯಿತು. ಇಲ್ಲಿ ಮನುಷ್ಯನು ಪಾತ್ರದ ಎತ್ತರಕ್ಕೆ ಏರುವ ಬದಲು ಪಾತ್ರವೇ ಮನುಷ್ಯನ ಆಸ್ಥಾನಕ್ಕೆ ಇಳಿದುಬಂದಿದೆ. ಕನ್ನಡಿಗರ ಎದೆಯಲ್ಲಿ ನಿಂತವನಾದರೋ ಕರ್ಣ. ಯಾರ ಹೊಗಳಿಕೆಗೂ ಬಗ್ಗಿಸಬೇಕಾಗಿಲ್ಲದ ಪಾತ್ರ ಅವನದು. ಕವಿಯೇ ಓದುಗನಿಗೆ ವಿಶೇಷವಾಗಿ ಅವನ ನೆನಪನ್ನು ಒಪ್ಪಿಸುತ್ತಾನೆ. ತನ್ನ ಜನ್ಮದ ಗುಟ್ಟು ತಿಳಿದ ಮೇಲೆಯೂ, ಕೃಷ್ಣನೂ ಕುಂತಿಯೂ ಬಂದು ಕರೆದ ಮೇಲೆಯೂ, ಸೋಲು ಖಚಿತವೆಂದು ಕಂಡ ಮೇಲೆಯೂ ಅವನು ಅನ್ನವಿಟ್ಟವನನ್ನು ಬಿಡುವುದಿಲ್ಲ. ಅವನು ನಿಂತ ಪಕ್ಷ ನ್ಯಾಯದ್ದಲ್ಲ. ಹಾಗಿದ್ದರೆ ಕರ್ಣನಿಂದ ಏನನ್ನು ಕಲಿಯಬೇಕು? ಅಧರ್ಮಿಯಾದ ಒಡೆಯನಿಗೆ ನಿಷ್ಠೆಯಿಂದಿರಬೇಕೆಂದೆ? ಇದು ಪಾಠಪುಸ್ತಕಕ್ಕೆ ಸಲ್ಲುವ ನೀತಿಯಲ್ಲ. ಆದರೂ ಆ ಪ್ರಸಂಗವನ್ನು ಓದಿದವನು, ತನಗೆ ಉಪಕಾರ ಮಾಡಿದವರ ಕಷ್ಟಕಾಲದಲ್ಲಿ ಜಾಣತನದಿಂದ ಪಕ್ಕಕ್ಕೆ ಸರಿಯುವಾಗ ಮೊದಲಿನಷ್ಟು ನಿರಾಳವಾಗಿ ಸರಿಯಲಾರನು.

ಈಗ ಹರಿಶ್ಚಂದ್ರನ ವಿಷಯ. ಕನ್ನಡದಲ್ಲಿ ಅವನ ಕಥೆಗೆ ಪೂರ್ಣವಾದ ರೂಪವನ್ನು ಕೊಟ್ಟವನು ರಾಘವಾಂಕ. ಆದರೆ ಇಂದು ಬಹುಮಂದಿಗೆ ತಿಳಿದಿರುವ ಹರಿಶ್ಚಂದ್ರ ಅವನ ಷಟ್ಪದಿಯಿಂದ ಬಂದವನಲ್ಲ. ಹರಿಕಥೆಯಿಂದ, ಕಂಪನಿ ನಾಟಕಗಳಿಂದ, ಅದಕ್ಕಿಂತ ಹೆಚ್ಚಾಗಿ ರಾಜಕುಮಾರ್ ಅಭಿನಯಿಸಿದ 1965ರ ಚಲನಚಿತ್ರದಿಂದ ಬಂದವನು. ಸತ್ಯಕ್ಕಾಗಿ ಎಲ್ಲವನ್ನೂ ಕಳೆದುಕೊಂಡ ನಿರ್ದೋಷಿಯೊಬ್ಬನ ಚಿತ್ರ ಲೋಕದಲ್ಲಿ ಪ್ರಚುರವಾಗಿದೆ. ರಾಘವಾಂಕನ ಕಾವ್ಯವನ್ನು ತೆರೆದರೆ ಚಿತ್ರ ಅಷ್ಟು ನುಣುಪಾಗಿ ಇಲ್ಲ.

ದೇವಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ವಾದ ಬೆಳೆದು, ಹರಿಶ್ಚಂದ್ರನು ಸುಳ್ಳಾಡಿದರೆ ತನ್ನ ತಪಸ್ಸನ್ನೇ ತೊರೆಯುವೆನೆಂದು ವಸಿಷ್ಠನು ಪಣವೊಡ್ಡುತ್ತಾನೆ. ಅಲ್ಲಿಂದ ಪರೀಕ್ಷೆ ಮೊದಲು. ವಿಶ್ವಾಮಿತ್ರನು ಸೃಷ್ಟಿಸಿದ ಇಬ್ಬರು ಅನಾಮಿಕ ಕನ್ನೆಯರು ಬಂದು ಹಾಡುತ್ತಾರೆ, ಅರಸನು ಮೆಚ್ಚುತ್ತಾನೆ. ಅವರು ಉಡುಗೊರೆಯಾಗಿ ಅವನ ಬೆಳ್ಗೊಡೆಯನ್ನು ಬೇಡುತ್ತಾರೆ, ಅದಾಗದಿದ್ದರೆ ತಮ್ಮನ್ನು ಮದುವೆಯಾಗೆನ್ನುತ್ತಾರೆ. ಅವರು ಹೊಲತಿಯರೆಂಬ ಕಾರಣದಿಂದ ಅರಸನು ಸಿಟ್ಟಾಗುತ್ತಾನೆ. ಆಗ ಆ ಕನ್ನೆಯರು ಆಡುವ ಮಾತು ಇಡೀ ಕಾವ್ಯದಲ್ಲಿಯೇ ಅತ್ಯಂತ ತೀಕ್ಷ್ಣವಾದ ತರ್ಕ. ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ನೋಡಿದ ಕಣ್ಣಿಗೆ, ನಮ್ಮೊಡನೆ ಮಾತಾಡಿದ ಬಾಯಿಗೆ ಅಂಟದ ಮೈಲಿಗೆ ಮುಟ್ಟಿದ ಮೈಗೆ ಮಾತ್ರ ಅಂಟುವುದು ಹೇಗೆ ಎಂಬುದು ಅದರ ಸಾರ. ಅರಸನಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದವನು ಮಾಡುವುದನ್ನೇ ಅವನೂ ಮಾಡುತ್ತಾನೆ: ಅವರನ್ನು ಹೊಡೆದು ಅಟ್ಟಿಸುತ್ತಾನೆ. ರಾಜ್ಯವನ್ನು ಬಿಟ್ಟಾನು, ಅವರ ಕೈಹಿಡಿಯನು.

ಸತ್ಯದ ಮೇಲ್ಪಂಕ್ತಿಯಾದವನಲ್ಲಿ ಕಾಣುವ ಈ ಕುಲದ ಸೊಕ್ಕನ್ನು ಏನುಮಾಡುವುದು? ಕೆಲವರು ಅದನ್ನು ಕಾಲದ ದೋಷವೆಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಇದೊಂದರಿಂದಲೇ ಕಾವ್ಯವನ್ನು ತಿರಸ್ಕರಿಸುತ್ತಾರೆ. ಎರಡೂ ಕವಿಯನ್ನು ಪೂರ್ತಿಯಾಗಿ ಓದದ ತೀರ್ಮಾನಗಳೆಂದು ನನ್ನ ಅಭಿಪ್ರಾಯ. ಕಾಲದ ದೋಷವೇ ಆಗಿದ್ದರೆ ಆ ಕನ್ನೆಯರ ಬಾಯಲ್ಲಿ ಇಂಥ ಮಾತು ಬರುತ್ತಿರಲಿಲ್ಲ. ಬಂದರೂ ಅರಸನಿಗೆ ಅದಕ್ಕಿಂತ ಬಲವಾದ ಮಾತನ್ನು ಕವಿ ಕೊಡುತ್ತಿದ್ದನು. ರಾಘವಾಂಕನಿಗಿಂತ ಬಹು ಹಿಂದೆಯೇ ಪಂಪನ ಕರ್ಣನು, ಸೇನಾಧಿಪತ್ಯದ ಸಂದರ್ಭದಲ್ಲಿ ತನ್ನ ಕುಲವನ್ನು ಎತ್ತಿ ಆಡಿದಾಗ, ಹುಟ್ಟು ಕುಲವಲ್ಲ, ಛಲ ಗುಣ ಪರಾಕ್ರಮಗಳೇ ಕುಲವೆಂದು ಸಭೆಯಲ್ಲಿ ನುಡಿದಿದ್ದನು. ವಚನಕಾರರು ಬಾಳಿಹೋದ ಶತಮಾನ ರಾಘವಾಂಕನಿಗೆ ಬೆನ್ನ ಹಿಂದೆಯೇ ಇತ್ತು. ಈ ವಾದ ಅವನಿಗೆ ಅಪರಿಚಿತವಲ್ಲ.

ಮುಂದೆ ಕಥೆ ಸಾಗುವ ದಾರಿಯನ್ನು ನೋಡಬೇಕು. ವಿಶ್ವಾಮಿತ್ರನಿಗೆ ಕೊಡಬೇಕಾದ ಹೊನ್ನಿಗಾಗಿ ಅರಸನು ಕಾಶಿಯಲ್ಲಿ ಹೆಂಡತಿ ಮಗನನ್ನು ಬ್ರಾಹ್ಮಣನೊಬ್ಬನಿಗೆ ಮಾರುತ್ತಾನೆ. ಉಳಿದ ಸಾಲಕ್ಕೆ ತನ್ನನ್ನು ಮಾರಿಕೊಳ್ಳಬೇಕು. ಕೊಳ್ಳಲು ಬಂದವನು ವೀರಬಾಹು, ಸುಡುಗಾಡಿನ ಒಡೆಯನಾದ ಚಂಡಾಲ. ಅನಾಮಿಕ ಕನ್ನೆಯರ ಕೈಹಿಡಿಯಲಾರದೆ ರಾಜ್ಯವನ್ನು ಬಿಟ್ಟವನು ಅನಾಮಿಕನ ಆಳಾಗಿ ಹೆಣದ ತೆರೆಯನ್ನು ಎತ್ತಬೇಕಾಯಿತು. ಯಾವುದನ್ನು ಕಳೆದುಕೊಳ್ಳಲಾರೆನೆಂದು ಅವನು ಎಲ್ಲವನ್ನೂ ಬಿಟ್ಟನೋ ಅದನ್ನೇ ಕೊನೆಗೆ ಸತ್ಯ ಅವನಿಂದ ಕಸಿದುಕೊಂಡಿತು. ಅರಸನು ಸತ್ಯವಂತನೆಂಬುದು ಕಾವ್ಯದ ಮೊದಲಲ್ಲಿಯೇ ಸಿದ್ಧವಾದ ಸಂಗತಿಯಲ್ಲ. ಅವನು ತನ್ನ ಕುಲದ ಕವಚವನ್ನು ಕಳಚಿ ಸತ್ಯದ ಕಡೆಗೆ ನಡೆಯುತ್ತಾನೆಂದು ಓದುವುದು ಹೆಚ್ಚು ಸರಿ. ಹರಿಶ್ಚಂದ್ರನನ್ನು ಸಂಪೂರ್ಣನೆಂದು ತೆಗೆದುಕೊಂಡು ಅನುಕರಿಸುವವನು ಅವನ ಸೊಕ್ಕನ್ನೂ ಸದ್ಗುಣವೆಂದೇ ಎಣಿಸಬೇಕಾಗುತ್ತದೆ. ತಪ್ಪಿಗೆ ಬೆಲೆ ತೆತ್ತು ಬೆಳೆದವನೆಂದು ತಿಳಿದವನಿಗೆ ಮಾತ್ರ ಆ ಪಾತ್ರ ದಾರಿಯಾಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಗೋವಿನ ಹಾಡನ್ನು ಮಕ್ಕಳಿಗೆ ಹೇಳುವಾಗ ನಾವು ಪುಣ್ಯಕೋಟಿಯ ಕಡೆಗೆ ಬೆರಳು ತೋರಿಸುತ್ತೇವೆ. ಆ ಕಥೆಯಲ್ಲಿ ಮೇಲ್ಪಂಕ್ತಿಯನ್ನು ಕಂಡು ಬದಲಾದ ಪ್ರಾಣಿ ಹುಲಿ. ಆ ಬದಲಾವಣೆಗೆ ಅದು ಪ್ರಾಣವನ್ನೇ ತೆತ್ತಿತು. ಪರರ ಸತ್ಯವನ್ನು ಎದುರಿಗೆ ಕಂಡವನ ಸಂಕಟವನ್ನು ಹಾಡಿನ ಕವಿ ಬಲ್ಲವನಾಗಿದ್ದನು. ಕೇಳುವ ನಾವು ಪುಣ್ಯಕೋಟಿಗಿಂತ ಹೆಚ್ಚಾಗಿ ಆ ಹುಲಿಯ ಸಮೀಪದವರು. ಶಾಲೆಯಲ್ಲಿ ಇದನ್ನು ಯಾರೂ ಹೇಳಿದಂತೆ ನನಗೆ ನೆನಪಿಲ್ಲ.

ಹರಿಶ್ಚಂದ್ರನ ಕಥೆಯಲ್ಲಿ ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದು ಉಳಿದಿದೆ. ಅದನ್ನು ನನಗೆ ತೋರಿಸಿಕೊಟ್ಟವಳು ತರಗತಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಕಾಶಿಯ ಮಾರಾಟದ ಪ್ರಸಂಗ ನಡೆಯುತ್ತಿತ್ತು. ನಾನು ಅರಸನ ಸತ್ಯನಿಷ್ಠೆಯನ್ನು ವರ್ಣಿಸಿ ಮುಗಿಸಿದ ಮೇಲೆ ಆಕೆ ಎದ್ದುನಿಂತು, ‘ಮಾತು ಕೊಟ್ಟವನು ಅರಸ, ಮಾರಾಟವಾದವರು ಹೆಂಡತಿ ಮಗ. ಸತ್ಯ ಯಾರದು, ಗುರುಗಳೆ?’ ಎಂದು ಕೇಳಿದಳು. ಆ ದಿನ ನಾನು ಕೊಟ್ಟ ಉತ್ತರ ವ್ಯಾಖ್ಯಾನಗ್ರಂಥಗಳಿಂದ ಎತ್ತಿದ್ದು. ಪತಿಯ ವ್ರತದಲ್ಲಿ ಸತಿಗೂ ಪಾಲುಂಟು ಎಂದೇನೋ ಹೇಳಿದೆ. ಆಕೆ ಕುಳಿತಳು, ಒಪ್ಪಿದಂತೆ ಕಾಣಲಿಲ್ಲ.

ಆ ಪ್ರಶ್ನೆಯನ್ನು ಇಟ್ಟುಕೊಂಡು ಕಾವ್ಯವನ್ನು ಮತ್ತೆ ಓದಿದಾಗ ಚಂದ್ರಮತಿ ಬೇರೆಯಾಗಿಯೇ ಕಂಡಳು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ನಡುರಾತ್ರಿಯಲ್ಲಿ ಸುಡುಗಾಡಿಗೆ ಬಂದವಳು ಆಕೆ. ಕಾಯುವವನು ಗಂಡನೇ ಎಂದು ತಿಳಿದ ಮೇಲೆಯೂ ತೆರೆ ತಪ್ಪಲಿಲ್ಲ, ಏಕೆಂದರೆ ತೆರೆ ಅವನದಲ್ಲ, ಒಡೆಯನದು. ಅದಾದ ಮೇಲೆ ಮಾಡದ ಕೊಲೆಯ ಅಪವಾದ; ತಲೆ ಹೊಡೆಯಬೇಕಾದ ಆಳು ಅದೇ ಗಂಡ. ಕತ್ತಿಯ ಕೆಳಗೆ ಕುಳಿತು, ಯಾರನ್ನೂ ಹಳಿಯದೆ, ಹರಸಿ, ಹೊಡೆಯೆಂದು ಹೇಳುವವಳು ಚಂದ್ರಮತಿ. ಹರಿಶ್ಚಂದ್ರನಿಗೆ ಸತ್ಯವಂತನೆಂಬ ಕೀರ್ತಿಯಾದರೂ ಇತ್ತು, ದೇವಸಭೆಯಲ್ಲಿ ಅವನಿಗಾಗಿ ಪಣವೊಡ್ಡಿದ ಗುರುವಿದ್ದನು. ಆಕೆಗಾಗಿ ಯಾವ ಸಭೆಯಲ್ಲಿಯೂ ಯಾರೂ ಪಣವಿಟ್ಟಿರಲಿಲ್ಲ. ಮಾತು ಆಕೆಯದಲ್ಲ, ಬೆಲೆ ಮಾತ್ರ ಆಕೆಯದು. ಗುಣಕ್ಕೊಂದು ಹೆಸರನ್ನಿಡುವ ನಮ್ಮ ಪಟ್ಟಿಯಲ್ಲಿ ಚಂದ್ರಮತಿಗೆ ಪಾತಿವ್ರತ್ಯವೆಂಬ ಒಂದು ಮಾತನ್ನು ಬರೆದು ಮುಗಿಸಿದ್ದೇವೆ. ಆ ಮಾತು ಅಲ್ಲಿ ನಡೆದದ್ದಕ್ಕೆ ಸಾಲದು. ವಿಶ್ವನಾಥನು ಪ್ರತ್ಯಕ್ಷನಾಗಿ ಎಲ್ಲವನ್ನೂ ಹಿಂದಿರುಗಿಸುತ್ತಾನೆ, ಮಗನೂ ಏಳುತ್ತಾನೆ, ನಿಜ. ಓದುಗನ ಮನೆಯಲ್ಲಿ ವಿಶ್ವನಾಥನು ಹಾಗೆ ಬರುವುದಿಲ್ಲವೆಂಬುದನ್ನು ಕವಿಯೂ ತಿಳಿದೇ ಇದ್ದಾನು.

ಆದುದರಿಂದ ಹರಿಶ್ಚಂದ್ರನ ಕೆಲಸ ಅನುಕರಣೆಗೆ ಸಿಕ್ಕುವಂಥದಲ್ಲ. ಸಾಲ ತೀರಿಸಲು ಹೆಂಡತಿಯನ್ನು ಮಾರಿದವನನ್ನು ಇಂದು ನಾವು ಸೆರೆಮನೆಗೆ ಕಳುಹಿಸುತ್ತೇವೆ, ಅದು ಯುಕ್ತವೂ ಹೌದು. ಬಾಲಕರಾದ ಗಾಂಧಿಯವರೂ ಅವನ ಯಾವ ಕೆಲಸವನ್ನೂ ಮಾಡಲಿಲ್ಲ. ಅವರಿಗೆ ದಾಟಿಬಂದದ್ದು ಒಂದು ಇಕ್ಕಟ್ಟಿನ ಒಳಗೆ ನಿಂತವನ ಮನಸ್ಸಿನ ಅನುಭವ, ತಪ್ಪಿಸಿಕೊಳ್ಳಲು ಬಾಗಿಲು ತೆರೆದಿರುವಾಗ ಹೊರಗೆ ಹೋಗದೆ ನಿಲ್ಲುವುದೆಂದರೆ ಏನೆಂಬ ಅರಿವು. ಈ ಅರಿವು ನೀತಿವಾಕ್ಯದಲ್ಲಿ ಸಿಕ್ಕುವುದಿಲ್ಲ, ಏಕೆಂದರೆ ನೀತಿವಾಕ್ಯದಲ್ಲಿ ಬಾಗಿಲೂ ಇಲ್ಲ, ಚಂದ್ರಮತಿಯೂ ಇಲ್ಲ.

ಮರುವರ್ಷ ಅದೇ ಭಾಗವನ್ನು ಪಾಠ ಹೇಳುವ ಸರದಿ ನನ್ನದೇ ಆಯಿತು. ತರಗತಿಯ ಪರೀಕ್ಷೆಯಲ್ಲಿ ‘ನಾವು ಕಲಿಯತಕ್ಕ ನೀತಿ’ಯ ಪ್ರಶ್ನೆಯನ್ನು ಬಿಟ್ಟು, ಸುಡುಗಾಡಿನಲ್ಲಿ ಹರಿಶ್ಚಂದ್ರನ ಮುಂದೆ ಎಷ್ಟು ದಾರಿಗಳಿದ್ದುವು, ಒಂದೊಂದರಲ್ಲಿಯೂ ಯಾರು ಏನನ್ನು ಕಳೆದುಕೊಳ್ಳುತ್ತಿದ್ದರು ಎಂದು ಕೇಳಿದೆ. ಬಹುಮಂದಿ ಎರಡು ದಾರಿಗಳನ್ನು ಬರೆದರು: ಒಡೆಯನಿಗೆ ತೆರೆ ಕೊಡಿಸುವುದು, ಕೊಡಿಸದಿರುವುದು. ಒಬ್ಬನು ಮಾತ್ರ ನಾಲ್ಕನ್ನು ಎಣಿಸಿದ್ದನು. ನಾಲ್ಕರಲ್ಲಿಯೂ ಕಳೆದುಕೊಳ್ಳುವವರ ಸಾಲಿನಲ್ಲಿ ಚಂದ್ರಮತಿಯ ಹೆಸರು ಮೊದಲು ಇತ್ತು.